ಸೀಮೆಸುಣ್ಣದ ಬಾಣ

ಕಲ್ಲು ಇನ್ನೂ ಬಿಸಿಯಾಗಿತ್ತು. ಮೌನೇಶಪ್ಪ ಅದನ್ನು ಹೆಂಚಿನಿಂದ ತೆಗೆದ ರೊಟ್ಟಿಯಂತೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಓಡಿಬಂದ. ಲಟ್ಟಣಿಗೆಯಷ್ಟು ದಪ್ಪದ, ಮೊಳದುದ್ದದ ಕಪ್ಪು ದಿಂಡು.

"ಇದು ತಲಿ, ಇದು ಕಾಲು ನೋಡ್ರಿ ಮೇಡಂ," ಎಂದು ಎರಡೂ ತುದಿಗಳನ್ನು ತೋರಿಸಿದ.

"ಗೊತ್ತಾಯ್ತು, ಕೊಡಿ."

ಇಂದುಮತಿ ದಿಂಡನ್ನು ಯಂತ್ರದ ತೊಟ್ಟಿಯಲ್ಲಿ ಮಲಗಿಸಿ ಮುಚ್ಚಳ ಒತ್ತಿದಳು. ಒಳಗೆ ಎರಡು ಉಕ್ಕಿನ ಹಲಗೆಗಳು ಕಲ್ಲನ್ನು ಎರಡೂ ಕಡೆಯಿಂದ ಅಮುಕತೊಡಗಿದವು. ಸ್ಪೀಕರಿನಲ್ಲಿ ಮೊದಲು ಏನೂ ಕೇಳಲಿಲ್ಲ. ಆಮೇಲೆ ಯಾರೋ ಒಣಗಿದ ಎಲೆಯ ಮೇಲೆ ಕಾಲಿಟ್ಟಂಥ ಸದ್ದು. ಅದರ ಹಿಂದೆಯೇ ಕಾದ ಎಣ್ಣೆಗೆ ಸಾಸಿವೆ ಸುರಿದಂತೆ ಚಟಪಟ. ಇಷ್ಟು ಬೇಗ ಅದು ಸಿಡಿಯಬಾರದಿತ್ತು. ಇಂದುಮತಿ ಸ್ಪೀಕರಿನ ದನಿ ತಗ್ಗಿಸಿದಳು. ಬಾಗಿಲಲ್ಲಿ ನಿಂತಿದ್ದ ಏಳು ಜನ ಅದನ್ನು ಕೇಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಫೋನು ಮೊಳಗಿತು. ಗಣಿಯ ವ್ಯವಸ್ಥಾಪಕ ವೆಂಕೋಬರಾವ್.

"ಅಂಕಿ ಬಂತೇನ್ರಿ ಡಾಕ್ಟರ?"

"ಇನ್ನೊಂದು ನಿಮಿಷ ಸರ್."

"ಕೆಳಗ ನಾಲ್ಕು ಮಂದಿ ಇದ್ದಾರ್ರಿ."

ಅದು ಅವಳಿಗೆ ಗೊತ್ತಿಲ್ಲವೆಂಬಂತೆ ಅವನು ಹೇಳಿದ. ಬೆಳಿಗ್ಗೆ ಏಳಕ್ಕೆ ಇಪ್ಪತ್ತು ನಿಮಿಷವಿರುವಾಗ ಮೂವತ್ತೊಂದನೆಯ ಲೆವೆಲ್ಲಿನಲ್ಲಿ, ಎಂದರೆ ನೆಲದಿಂದ ಎರಡೂವರೆ ಕಿಲೋಮೀಟರ್ ಕೆಳಗಿನ ಸುರಂಗದಲ್ಲಿ, ಚಾವಣಿ ಕುಸಿದಿತ್ತು. ನಾಲ್ವರು ಕುಸಿತದ ಆಚೆ ಸಿಕ್ಕಿಬಿದ್ದಿದ್ದರು. ಬದುಕಿದ್ದರು. ಗಾಳಿ ಒಯ್ಯುವ ಕಬ್ಬಿಣದ ಕೊಳವೆ ಮುರಿಯದೆ ಉಳಿದಿತ್ತು. ಅವರು ಅದನ್ನು ಬಡಿಯುತ್ತಿದ್ದರು. ಕುಸಿತದ ಈಚೆ ನಿಂತಿದ್ದ, ಆಳಿಲ್ಲದೆ ತಾನೇ ನಡೆಯುವ ಕೊರೆಯಂತ್ರ ಉಳಿದ ಚಾವಣಿಯಿಂದ ಈ ದಿಂಡನ್ನು ಕಿತ್ತು ಮೇಲೆ ಕಳಿಸಿತ್ತು. ಹೀಗೆ ಬಂಡೆಯೊಳಗಿಂದ ಕೊರೆದು ತೆಗೆದ ದಿಂಡಿಗೆ ಗಣಿಯವರು ಕೋರ್ ಎನ್ನುತ್ತಾರೆ. ಭೂವಿಜ್ಞಾನಿಗಳು ಕಣ್ಣಿಗೆ ಕಾಣದ ಬಂಡೆಯನ್ನು ಓದುವುದು ಅದರಿಂದಲೇ.

ಪರದೆಯ ಮೇಲೆ ಅಂಕಿ ಬಂತು. ಎರಡು ಗಂಟೆ ಹತ್ತು ನಿಮಿಷ.

"ಎಷ್ಟ್ರಿ?" ಎಂದು ಬಾಗಿಲಿನಿಂದ ಲಾಲಸಾಬ ಕೇಳಿದ. ರಕ್ಷಣಾ ತಂಡದ ಮುಖ್ಯಸ್ಥ. ಹೆಲ್ಮೆಟ್ಟಿನ ದೀಪ ಆಗಲೇ ಹಚ್ಚಿಕೊಂಡಿದ್ದ, ಹಗಲಿನಲ್ಲಿ.

ಅವಳು ಹೇಳಿದಳು.

"ಕಲ್ಲು ತೆಗದು ಅವರನ್ನ ಹೊರಗ ತರಾಕ ನಮಗ ನಾಕು ತಾಸು ಬೇಕ್ರಿ," ಎಂದ ಲಾಲಸಾಬ. ಆಮೇಲೆ ತಾನೇ ಲೆಕ್ಕ ಮಾಡಿದವನಂತೆ ದೀಪ ಆರಿಸಿದ.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.

*

ಬಂಡೆಗೆ ನೆನಪಿದೆ ಎಂಬುದು ಹೊಸ ಮಾತಲ್ಲ. ಒಮ್ಮೆ ಭಾರ ಹೊತ್ತ ಕಲ್ಲನ್ನು ಮತ್ತೆ ಅಮುಕಿದರೆ ಅದು ಹಳೆಯ ಭಾರದಷ್ಟನ್ನು ಸದ್ದಿಲ್ಲದೆ ಹೊರುತ್ತದೆ. ಅದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಾದಾಗ ಮಾತ್ರ ಒಳಗೆ ಕಣ್ಣಿಗೆ ಕಾಣದ ಬಿರುಕುಗಳು ಸಿಡಿಯತೊಡಗುತ್ತವೆ. ಕಲ್ಲು ಎಲ್ಲಿಯವರೆಗೆ ನೊಂದಿದೆ ಎಂಬುದನ್ನು ಆ ಸದ್ದಿನಿಂದ ತಿಳಿಯಬಹುದೆಂದು ಭೂವಿಜ್ಞಾನಿಗಳಿಗೆ ನೂರು ವರ್ಷದಿಂದ ಗೊತ್ತಿತ್ತು. ಇಂದುಮತಿ ಬಳಿಗಾರ ಕಂಡುಹಿಡಿದದ್ದು ಅದರ ಮುಂದಿನದು. ಇನ್ನೆಷ್ಟು ಹೊತ್ತು ಅದು ತಾಳೀತು ಎಂಬುದು. ಅರವತ್ತನಾಲ್ಕು ಕಿವಿಗಳಿಂದ ಸಿಡಿತವನ್ನು ಕೇಳಿ, ದಿನ, ಗಂಟೆ, ನಿಮಿಷಗಳಲ್ಲಿ ಉತ್ತರ ಕೊಡುವ ಯಂತ್ರ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅದನ್ನು ಕಟ್ಟಿದಾಗ ಅವಳು ಅದಕ್ಕೆ 'ಸೈರಣೆ' ಎಂದು ಹೆಸರಿಟ್ಟಳು. ಅದು ೨೦೫೭ರಲ್ಲಿ.

ಆರು ವರ್ಷಗಳಲ್ಲಿ ಕಪ್ಪರಗಟ್ಟಿ ಚಿನ್ನದ ಗಣಿ ಬೇರೆಯೇ ಆಯಿತು. ಮೊದಲೆಲ್ಲ ಕೆಳಗೆ ಕಲ್ಲು 'ಮಾತಾಡಿದರೆ', ಎಂದರೆ ಚಾವಣಿ ಕಟಕಟ ಅಂದರೆ, ಜನ ಸಲಿಕೆ ಬಿಸಾಕಿ ಹೊರಗೆ ಬರುತ್ತಿದ್ದರು. ಮೂರು ದಿನ ಯಾರೂ ಇಳಿಯುತ್ತಿರಲಿಲ್ಲ. ಸುಮ್ಮನೆ ಹೆದರಿ ಕಳೆದ ದಿನಗಳು ವರ್ಷಕ್ಕೆ ನಲವತ್ತೋ ಐವತ್ತೋ. ಸೈರಣೆ ಬಂದ ಮೇಲೆ ಪ್ರತಿ ಸುರಂಗದ ಬಾಯಲ್ಲೂ ಒಂದು ಹಲಗೆ ನೇತುಬಿತ್ತು. ಹಲಗೆಯ ಮೇಲೆ ಅಂಕಿ. ಅಂಕಿ ಆರು ಗಂಟೆಗೆ ಇಳಿಯುವ ತನಕ ಕೆಲಸ. ಕೆಲಸ ನಿಲ್ಲಿಸಲು ಹೆದರಿಕೆ ಇನ್ನು ಕಾರಣವಾಗಿ ಉಳಿಯಲಿಲ್ಲ. ಯಾರಾದರೂ ಕಲ್ಲು ಮಾತಾಡಿತು ಎಂದರೆ ಮೇಸ್ತ್ರಿ ಹಲಗೆ ತೋರಿಸುತ್ತಿದ್ದ.

ಮೊದಮೊದಲು ಯಂತ್ರ ಮೂರು ಅಂಕಿ ಕೊಡುತ್ತಿತ್ತು: ಕಡಿಮೆಯೆಂದರೆ ಇಷ್ಟು, ಬಹುಶಃ ಇಷ್ಟು, ಹೆಚ್ಚೆಂದರೆ ಇಷ್ಟು. ಗಣಿಯವರಿಗೆ ಅದು ತಲೆನೋವಾಯಿತು. ಕಾನೂನು ಬರೆಯಲು ಕೂತವರೂ ಒಂದೇ ಅಂಕಿ ಸಾಕೆಂದರು. ಇಂದುಮತಿ ಕಡಿಮೆಯದನ್ನು ಉಳಿಸಿ ಉಳಿದೆರಡನ್ನು ಒಳಗೆ ಮುಚ್ಚಿಟ್ಟಳು. ಹತ್ತು ಸಲದಲ್ಲಿ ಒಂಬತ್ತು ಸಲ ಬಂಡೆ ಅದಕ್ಕಿಂತ ಹೆಚ್ಚು ಹೊತ್ತೇ ನಿಲ್ಲುತ್ತದೆ. ಇರಲಿ, ಎಚ್ಚರಿಕೆಯಿಂದ ಯಾರೂ ಸಾಯುವುದಿಲ್ಲ ಎಂದುಕೊಂಡಳು. ಆಮೇಲೆ ಆ ಅಂಕಿಗೆ ಕೇಜಿನ ಬೀಗವನ್ನೂ ಕಟ್ಟಿದರು. ಕೇಜು ಎಂದರೆ ಜನರನ್ನು ಕೆಳಗಿಳಿಸುವ ಕಬ್ಬಿಣದ ಪಂಜರ. ಮಾಡಬೇಕಾದ ಕೆಲಸಕ್ಕೆ ಹಿಡಿಯುವ ಹೊತ್ತಿಗಿಂತ ಬಂಡೆಯ ಸೈರಣೆ ಕಡಿಮೆಯಿದ್ದರೆ ಅದು ಅಲುಗುವುದಿಲ್ಲ.

ಕೋರ್ ಶೆಡ್ಡಿನಲ್ಲೂ ಬದಲಾಯಿತು. ಅಲ್ಲಿ ಹದಿನೆಂಟು ವರ್ಷ ಮೌನೇಶಪ್ಪ ಮತ್ತು ಹುಲಿಗೆಪ್ಪ ಜೊತೆಯಾಗಿದ್ದರು. ಹುಲಿಗೆಪ್ಪ ದಿಂಡನ್ನು ಒದ್ದೆ ಮಾಡಿ, ನಾಲಿಗೆ ತಾಗಿಸಿ ಕಣ ನೋಡಿ, ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಸೀಳಿದ್ದು ಡಬ್ ಎನ್ನುತ್ತದೆ. ಹೊರಗೆ ಕ್ರಶರಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲವಾಗಿ ಅವನು ಮೇಜಿನ ಮೇಲೆ ಕುಟ್ಟಿ ಹೇಳುತ್ತಿದ್ದ. ಬೆನ್ನಿಗೆ ಬೆನ್ನು ಎರಡು ಪೆಟ್ಟು ಎಂದರೆ ಗಟ್ಟಿ. ಒಂದು ಪೆಟ್ಟು, ಬಿಟ್ಟು ಒಂದು ಪೆಟ್ಟು ಎಂದರೆ ಟೊಳ್ಳು. ಮೌನೇಶಪ್ಪ ಅದನ್ನು ಪೆಟ್ಟಿಗೆಯ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕುತ್ತಿದ್ದ.

"ನಿನ್ನ ತಲಿ ಬಡದ್ರ ಎಷ್ಟು ಪೆಟ್ಟಲೇ?" ಎಂದು ಮೌನೇಶಪ್ಪ ಕೇಳಿದರೆ, "ನಿಮ್ಮ ಅತ್ತಿಗೀನ ಕೇಳು, ಆಕಿ ದಿನಾ ಬಡಿತಾಳ," ಎನ್ನುತ್ತಿದ್ದ ಹುಲಿಗೆಪ್ಪ.

ಯಂತ್ರ ಬಂದ ಮೇಲೆ ಶೆಡ್ಡಿಗೆ ಒಬ್ಬ ಸಾಕಾಯಿತು. ಒಬ್ಬ ಕೆಳಗಿಳಿಯಬೇಕು. "ನಿನಗ ಮಂಡಿ ನೋವು. ನಾ ಇಳೀತೀನಿ ಬಿಡು," ಎಂದು ಹುಲಿಗೆಪ್ಪ ಸುತ್ತಿಗೆಯನ್ನು ಕಿಸೆಗೆ ಹಾಕಿಕೊಂಡು ಹೋದ. ಈಗ ಕುಸಿತದ ಆಚೆ ಇದ್ದ ನಾಲ್ವರಲ್ಲಿ ಅವನೊಬ್ಬ.

*

"ಮೂರು ದಿನದ ಹಿಂದೆ ಈ ಚಾವಣಿಗೆ ಎಪ್ಪತ್ತೊಂದು ದಿನ ಬಂದಿತ್ತು," ಎಂದಳು ಇಂದುಮತಿ. ಯಾರಿಗೆ ಹೇಳಿದಳೋ. ಲಾಲಸಾಬ ಕೇಜಿನ ಬಳಿ ಹೋಗಿದ್ದ. ಶೆಡ್ಡಿನಲ್ಲಿ ಇದ್ದವನು ಮೌನೇಶಪ್ಪ ಮಾತ್ರ. "ಎಪ್ಪತ್ತೊಂದು ದಿನದ ಬಂಡೆ ಮೂರು ದಿನಕ್ಕೆ ಹೇಗೆ ಬೀಳುತ್ತೆ?"

ಮೌನೇಶಪ್ಪ ಒದ್ದೆ ಬಟ್ಟೆಯನ್ನು ಹಿಂಡಿ, ಮಡಚಿ, ಮತ್ತೆ ಬಿಚ್ಚಿದ.

"ಮೇಡಂ, ಅದು ಮ್ಯಾಲಕ್ಕ ಕೊರೆದಿದ್ದ ಪೆಟ್ಟಿಗಿರಿ," ಎಂದ ಕೊನೆಗೆ.

"ಏನು?"

"ಕೊರಿಯೂ ಹೊಸಾ ಮಿಷನ್ ಬಂದಾಗಿಂದ ಕೆಳಗ ನಿಂತು ಮ್ಯಾಲಕ್ಕ ಕೊರಿತಾರಲ್ರಿ. ಅದರಾಗಿನ ಪೆಟ್ಟಿಗಿ."

ಇಂದುಮತಿ ಆ ದಿನದ ದಾಖಲೆಯನ್ನು ಪರದೆಯ ಮೇಲೆ ತೆರೆದಳು.

ಪ್ರಪಂಚದ ಎಲ್ಲ ಕೋರ್ ಶೆಡ್ಡುಗಳಲ್ಲೂ ದಿಂಡುಗಳನ್ನು ಪುಸ್ತಕ ಓದಿದಂತೆ ಜೋಡಿಸುತ್ತಾರೆ: ಎಡದಿಂದ ಬಲಕ್ಕೆ, ಸಾಲಿನ ಕೆಳಗೆ ಸಾಲು. ಮೊದಲು ಹೊರಬಂದ ತುಂಡು ಮೊದಲ ಸಾಲಿನ ಮೊದಲಿಗೆ. ನೆಲದಿಂದ ಕೆಳಕ್ಕೆ ಕೊರೆದಾಗ ಮೊದಲ ತುಂಡೇ ಎಲ್ಲಕ್ಕಿಂತ ಮೇಲಿನದು. ಆದರೆ ಸುರಂಗದೊಳಗೆ ನಿಂತು ಚಾವಣಿಗೆ ಕೊರೆದರೆ ಮೊದಲ ತುಂಡು ಎಲ್ಲಕ್ಕಿಂತ ಕೆಳಗಿನದು. ಜನರ ತಲೆಯ ಮೇಲಿನ ಕಲ್ಲೇ ಅದು. ಎರಡೂ ಪೆಟ್ಟಿಗೆಗಳು ನೋಡಲು ಒಂದೇ. ಆ ದಿನದ ಪೆಟ್ಟಿಗೆಯಲ್ಲಿ ಮೊದಲ ಆರು ಮೀಟರು ದಣಿದ ಕಲ್ಲು, ಉಳಿದ ಮೂವತ್ತನಾಲ್ಕು ಮೀಟರು ಗಟ್ಟಿ. ದಣಿದ ಕಲ್ಲು ಎಲ್ಲೋ ಮೇಲೆ, ನಲವತ್ತು ಮೀಟರಿನ ತುದಿಯಲ್ಲಿದೆ, ಅದರ ಕೆಳಗೆ ಗಟ್ಟಿ ಬಂಡೆ ಆನಿಕೊಂಡಿದೆ ಎಂದು ಯಂತ್ರ ತಿಳಿಯಿತು. ಆ ಕಲ್ಲು ಹುಲಿಗೆಪ್ಪನ ತಲೆಯಿಂದ ಒಂದು ಗೇಣು ಮೇಲಿತ್ತು.

ಯಂತ್ರ ದಿಕ್ಕು ಕೇಳುತ್ತದೆ. 'ಕೆಳಮುಖವಾಗಿ ಕೊರೆದದ್ದು, ಸರಿಯೇ?' ಹಿಂದಿನ ನೂರಾರು ಪೆಟ್ಟಿಗೆಗಳೂ ಹಾಗೇ ಇದ್ದುದರಿಂದ ಆ ಮಾತು ಮೊದಲೇ ತುಂಬಿಕೊಂಡು ಬರುತ್ತದೆ. ಆ ದಿನ ಇನ್ನೊಂದು ಪರದೆಯಲ್ಲಿ ದೆಹಲಿಯ ಸಭೆ ನಡೆಯುತ್ತಿತ್ತು. ಹಿಮಾಲಯದ ಸುರಂಗಗಳಿಗೆ ಸೈರಣೆ ಹಾಕುವ ಸಭೆ. ಇಂದುಮತಿ ಮಾತಾಡುತ್ತಲೇ ಸರಿ, ಸರಿ, ಸರಿ ಎಂದು ಒತ್ತಿಕೊಂಡು ಹೋಗಿದ್ದಳು.

"ಪೆಟ್ಟಿಗೆ ಮೇಲೆ ನೀವು ಬಾಣ ಹಾಕ್ತೀರಲ್ಲ ಮೌನೇಶಪ್ಪ? ಮೇಲ್ಮುಖ ಆದ್ರೆ ಮೇಲಕ್ಕೆ ಒಂದು ಬಾಣ. ನಾನೇ ನೋಡಿದೀನಿ."

"ಹಾಕಿದ್ನಿರಿ."

"ಮತ್ತೆ?"

"ತೊಳದ್ನಿರಿ."

ಅವಳಿಗೆ ನೆನಪಾಯಿತು. ಚಾಕ್‌ಪೀಸಿನ ಪುಡಿ ಯಂತ್ರದ ಕಿವಿಗಳಿಗೆ ಸೇರಿ, ಒತ್ತಿದಾಗ ತಾನೇ ಚಟಪಟ ಅನ್ನುತ್ತಿತ್ತು. ಅಂಕಿ ಕೆಡುತ್ತಿತ್ತು. ಹಾಗಾಗಿ ಎರಡು ತಿಂಗಳ ಹಿಂದೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು: ಪೆಟ್ಟಿಗೆಗಳನ್ನು ಚೆನ್ನಾಗಿ ತೊಳೆದು ಯಂತ್ರಕ್ಕೆ ಕೊಡತಕ್ಕದ್ದು. ಕೆಳಗೆ ಅವಳ ಸಹಿ. ಹಾಳೆ ಈಗಲೂ ಅಲ್ಲೇ ಇತ್ತು.

"ನನಗೆ ಹೇಳಬಹುದಿತ್ತಲ್ಲ."

"ಮಿಷನ್ನಿಗೆ ಗೊತ್ತಿರ್ತೈತಿ ಅಂತ ತಿಳದ್ನಿರಿ," ಎಂದ ಮೌನೇಶಪ್ಪ. "ಎಲ್ಲಾ ಗೊತ್ತಿರೂ ಮಿಷನ್ನು, ಮ್ಯಾಲು ಕೆಳಗು ಗೊತ್ತಿರಂಗಿಲ್ಲ ಅಂತ ಯಾರಿಗೆ ಗೊತ್ರಿ?"

*

ಅವಳು ಒಳಗೆ ಮುಚ್ಚಿಟ್ಟಿದ್ದ ಅಂಕಿಗಳನ್ನು ತೆರೆದಳು. ಇಂದಿನ ದಿಂಡಿಗೆ ಕಡಿಮೆಯೆಂದರೆ ಎರಡು ಗಂಟೆ ಹತ್ತು ನಿಮಿಷ. ಬಹುಶಃ ಐದು ಗಂಟೆ ನಲವತ್ತು ನಿಮಿಷ. ಹೆಚ್ಚೆಂದರೆ ಹದಿನಾಲ್ಕು ಗಂಟೆ. ಫೋನಿನಲ್ಲಿ ವೆಂಕೋಬರಾವ್‌ಗೆ ಹೇಳಿದಳು.

"ಬಹುಶಃ ಅಂತ ಕೇಜಿನ ಬೀಗಕ್ಕ ಹೇಳ್ರಿ," ಎಂದ ಅವನು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ದಣಿವಿತ್ತು. "ಕಾನೂನಿಗೆ ಗೊತ್ತಿರೋದು ಒಂದೇ ಅಂಕಿರಿ ಡಾಕ್ಟರ. ಒಂದೇ ಮಾಡಿದವರೂ ನೀವೇ. ಲಾಲಸಾಬನ್ನ ಸೇರಿಸಿ ಏಳು ಮಂದಿ ಇಳೀತಾರ. ಎರಡು ತಾಸಿಗೆ ಬಿದ್ದರ ಹನ್ನೊಂದು ಹೆಣ. ನಾನು ಏನಂತ ಬರೀಲಿ?"

ಕೇಜಿನ ಬೀಗ ತೆರೆಯಲು ಒಂದು ದಾರಿಯಿತ್ತು. ಯಂತ್ರದ ಅಂಕಿಯನ್ನು ಬದಲಿಸುವ ಗುಟ್ಟಿನ ಪದ ಅವಳೊಬ್ಬಳಿಗೇ ಗೊತ್ತಿತ್ತು. ಎರಡು ಹತ್ತನ್ನು ಅಳಿಸಿ ಐದು ನಲವತ್ತು ಎಂದು ಬರೆದರೆ ಕೇಜು ಇಳಿಯುತ್ತದೆ. ಇಂದುಮತಿಯ ಬೆರಳು ಕೀಲಿಮಣೆಯ ಮೇಲೆ ಬಂತು. ಕೆಳಗೆ ನಾಲ್ವರು. ಇಳಿಯುವವರು ಏಳು. ಎರಡು ಹತ್ತರೊಳಗೆ ಬೀಳುವುದು ಹತ್ತರಲ್ಲಿ ಒಂದು ಸಲ. ಐದು ನಲವತ್ತರೊಳಗೆ ನಾಲ್ಕು ಗಂಟೆ ಹಿಡಿಸುತ್ತದೆ. ಆದರೆ ಈ ಯಂತ್ರವೇ ಎಪ್ಪತ್ತೊಂದು ದಿನ ಎಂದಿತ್ತು. ಅಲ್ಲ, ಯಂತ್ರ ಅಂದದ್ದಲ್ಲ, ತಾನು ಅನ್ನಿಸಿದ್ದು. ತನ್ನ ಕೈಯಿಂದ ಬರೆದ ಅಂಕಿ ಒಮ್ಮೆ ಜನರನ್ನು ಕಲ್ಲಿನ ಕೆಳಗೆ ಕಳಿಸಿದೆ. ಇನ್ನೊಮ್ಮೆ ಬರೆಯುವುದೆ?

ಲಾಲಸಾಬ ತಿರುಗಿ ಬಂದ. ಕೈಯಲ್ಲಿ ರೇಡಿಯೋ. ಮೂವತ್ತನೆಯ ಲೆವೆಲ್ಲಿನಲ್ಲಿ ಗಾಳಿ ಕೊಳವೆಗೆ ಹಚ್ಚಿದ್ದ ಮೈಕಿನ ಸದ್ದು ಅದರಲ್ಲಿ ಬರುತ್ತಿತ್ತು.

ಟಣ್ ಟಣ್. ತುಸು ಬಿಡುವು. ಟಣ್ ಟಣ್.

"ಮುಂಜಾನೆ ಏಳರಿಂದ ಹಿಂಗ ಬಡಿಯಾಕ ಹತ್ಯಾರ್ರಿ," ಎಂದ ಲಾಲಸಾಬ. "ಅದಕ್ಕ ಏನರೆ ಅರ್ಥ ಐತೋ, ಸುಮ್ಮನ ನಾವು ಅದೀವಿ ಅಂತನೋ?"

ಮೌನೇಶಪ್ಪ ರೇಡಿಯೋ ಇಸಿದುಕೊಂಡು ಕಿವಿಗೆ ಒತ್ತಿಕೊಂಡ. ಅವನ ಬಾಯಿ ತೆರೆದೇ ಉಳಿಯಿತು.

"ಹುಲಿಗೆಪ್ಪರಿ. ಗಟ್ಟಿ ಐತಿ ಅಂತಾನ್ರಿ." ಇಂದುಮತಿಯ ಕಡೆ ತಿರುಗಿದ. "ಮ್ಯಾಲೆ ಚಾವಣಿ ಬಡದು ನೋಡ್ತಾನ, ಆಮ್ಯಾಲ ಕೊಳವಿ ಬಡದು ಹೇಳ್ತಾನ. ಎರಡು ಪೆಟ್ಟು ಗಟ್ಟಿರಿ. ನಾವು ಹದಿನೆಂಟು ವರ್ಷ ಇಲ್ಲೇ ಈ ಮೇಜಿನ ಮ್ಯಾಲ ಹಿಂಗ ಮಾತಾಡೇವಿ. ಗಟ್ಟಿ ಐತಿ, ಬರ್ರಿ ಅಂತಾನ ಮೇಡಂ."

"ಅವನ ಕೈಯಲ್ಲಿ ಸುತ್ತಿಗೆ ಇದೆಯಾ?"

"ಕಿಸೇದಾಗ ಇರ್ತೈತ್ರಿ. ಯಾವಾಗಲೂ."

ಲಾಲಸಾಬ ಇಬ್ಬರನ್ನೂ ನೋಡಿದ. "ಮೌನೇಶಣ್ಣ ಹೇಳೂದು ಖರೆ ಆದ್ರ ಬೀಗ ತಗೀರಿ ಮೇಡಂ. ನಾವು ಹೊಂಟೀವಿ. ನಮ್ಮ ಹುಡುಗರಿಗೆ ನಾ ಹೇಳ್ತೀನಿ, ಬರವ್ರು ಬರ್ಲಿ."

ಅವಳು ವೆಂಕೋಬರಾವ್‌ಗೆ ಮತ್ತೆ ಫೋನು ಮಾಡಿದಳು. ಪೆಟ್ಟಿನ ಅರ್ಥ ವಿವರಿಸಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ. "ಸುತ್ತಿಗೆ ಹೇಳಿದ್ದನ್ನ ನಾನು ಯಾವ ಕಾಲಮ್ಮಿನಾಗ ಬರೀಲಿರಿ?" ಎಂದ. ಆಮೇಲೆ ಮೆಲ್ಲಗೆ, "ನೀವು ಅಂಕಿ ಬದಲು ಮಾಡಿದರ ನಾನು ಕೇಳಂಗಿಲ್ಲ. ಮಾಡ್ರಿ ಅಂತನೂ ಹೇಳಂಗಿಲ್ಲ," ಎಂದು ಫೋನು ಇಟ್ಟುಬಿಟ್ಟ.

ಹನ್ನೊಂದು ಗಂಟೆ. ಹನ್ನೊಂದೂ ಹತ್ತು. ಇಂದುಮತಿ ದಿಂಡಿನ ಸಿಡಿತದ ಗೆರೆಗಳನ್ನು ಮತ್ತೆ ಮತ್ತೆ ನೋಡಿದಳು, ಅವು ಒಂದು ಗಂಟೆ ಹೆಚ್ಚು ಕೊಟ್ಟಾವೆಂಬಂತೆ. ಇನ್ನೊಂದು ದಿಂಡು ತರಿಸಿದಳು. ಅದು ಬರಲು ಇಪ್ಪತ್ತೈದು ನಿಮಿಷವಾಯಿತು. ಅದೂ ಅದನ್ನೇ ಹೇಳಿತು. ಹೊರಗೆ ಕೇಜಿನ ಬಳಿ ಜನ ಸೇರಿದ್ದರು. ಯಾರೂ ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹಳೆಯ ದಿನಗಳಲ್ಲಾಗಿದ್ದರೆ ಈ ಹೊತ್ತಿಗೆ ತಂಡ ಕೆಳಗಿರುತ್ತಿತ್ತು. ಯಾರೂ ಹೇಳದೆ, ಯಾರನ್ನೂ ಕೇಳದೆ. ಬಂಡೆ ಯಾವಾಗ ಬೀಳುತ್ತದೆಂದು ಗೊತ್ತಿಲ್ಲದ ಜನ ಇಳಿದುಬಿಡುತ್ತಿದ್ದರು. ಈಗ ಎಲ್ಲರೂ ಹಲಗೆ ನೋಡುತ್ತ ನಿಂತಿದ್ದರು. ಅದು ಒಂದೊಂದೇ ನಿಮಿಷ ಇಳಿಯುತ್ತಿತ್ತು.

ಹನ್ನೆರಡೂ ಇಪ್ಪತ್ತೈದಕ್ಕೆ ಹಲಗೆ ಸೊನ್ನೆಯಾಯಿತು.

ಏನೂ ಬೀಳಲಿಲ್ಲ. ಟಣ್ ಟಣ್.

"ಗಟ್ಟಿ," ಎಂದ ಮೌನೇಶಪ್ಪ.

ಒಂದು ಗಂಟೆ. ಟಣ್ ಟಣ್. ಎರಡು ಗಂಟೆ. ಮೌನೇಶಪ್ಪ ಪ್ರತಿ ಸಲವೂ ಹೇಳಿದ, ಯಾರೂ ಕೇಳದಿದ್ದರೂ. ಎರಡೂಕಾಲಿಗೆ ಇಂದುಮತಿಗೆ ಒಂದು ವಿಷಯ ಹೊಳೆಯಿತು: ಅಂಕಿ ಬಂದ ಕೂಡಲೆ ಇಳಿದಿದ್ದರೆ ಈಗ ಎಲ್ಲರೂ ಮೇಲೆ ಬಂದಿರುತ್ತಿದ್ದರು. ಅವಳು ಗುಟ್ಟಿನ ಪದ ಒತ್ತತೊಡಗಿದಳು. ನಾಲ್ಕು ಅಕ್ಷರ ಒತ್ತಿದಳು. ಈಗ ಇಳಿದರೆ ಆರೂಕಾಲು. ಬಹುಶಃ ಎಂಬ ಅಂಕಿಯೂ ಅಷ್ಟರಲ್ಲಿ ಮುಗಿದಿರುತ್ತದೆ. ಅಳಿಸಿದಳು.

ಮೂರೂವರೆಗೆ ಪೆಟ್ಟು ನಿಂತಿತು. ಆಮೇಲೆ ಬಂತು. ಟಣ್. ಬಹಳ ಹೊತ್ತು ಬಿಟ್ಟು, ಟಣ್.

ಮೌನೇಶಪ್ಪ ರೇಡಿಯೋವನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಏನಣ್ಣಾ?" ಎಂದ ಲಾಲಸಾಬ.

ಟಣ್.

"ಏನಂತಾನ ಹೇಳಣ್ಣಾ!"

"ಟೊಳ್ಳಾತಂತ," ಎಂದ ಮೌನೇಶಪ್ಪ. "ಬರಬ್ಯಾಡ್ರಿ ಅಂತಾನ."

ಮೂರೂ ನಲವತ್ತಕ್ಕೆ ರೇಡಿಯೋದಲ್ಲಿ ಸದ್ದೇ ಬರಲಿಲ್ಲ. ಶೆಡ್ಡಿನ ನೆಲ ಸ್ವಲ್ಪ ಅದುರಿತು. ಪೆಟ್ಟಿಗೆಗಳಲ್ಲಿ ದಿಂಡುಗಳು ಒಂದಕ್ಕೊಂದು ತಾಗಿ ಗಾಜಿನಂತೆ ಕಿಣಿಕಿಣಿಸಿದವು. ಲಾಲಸಾಬ ಹೆಲ್ಮೆಟ್ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ನೆಲದಲ್ಲೇ ಕೂತ.

*

ನಾಲ್ವರ ಸಾವಿನ ವಿಚಾರಣೆಯಲ್ಲಿ ಇಂದುಮತಿ ಏನನ್ನೂ ಮುಚ್ಚಿಡಲಿಲ್ಲ. ದೆಹಲಿಯ ಸಭೆ, ಸರಿ ಸರಿ ಎಂದು ಒತ್ತಿದ್ದು, ಗೋಡೆಯ ಹಾಳೆ, ಒಳಗೆ ಮುಚ್ಚಿಟ್ಟ ಎರಡು ಅಂಕಿ, ಒತ್ತಿ ಅಳಿಸಿದ ನಾಲ್ಕು ಅಕ್ಷರ. ಸಮಿತಿಯವರು ತಲೆದೂಗಿದರು. ಇಷ್ಟು ಪ್ರಾಮಾಣಿಕರು ಅಪರೂಪ ಎಂದು ಅಧ್ಯಕ್ಷರೇ ಹೇಳಿದರು. ವರದಿಯಲ್ಲಿ 'ದಿಕ್ಕಿನ ದಾಖಲೆಯಲ್ಲಿ ಮಾನವ ಲೋಪ' ಎಂದು ಬಂತು. ಯಂತ್ರದಲ್ಲಿ ದೋಷವಿಲ್ಲ. ಕುಸಿತದ ದಿನದ ದಿಂಡಿನ ಅಂಕಿಯಂತೂ ಕಾನೂನಿನ ಪ್ರಕಾರ ಏಳು ಜೀವ ಉಳಿಸಿತು. ಒಂದೇ ಅಂಕಿಯ ಪದ್ಧತಿ ಮುಂದುವರಿಯತಕ್ಕದ್ದು. ಆದರೆ ಇನ್ನು ಮೇಲೆ ಪ್ರತಿ ಯಂತ್ರದ ಬಳಿ ಒಬ್ಬ ಅನುಭವಿ ಮನುಷ್ಯ ಇರಬೇಕು. 'ದಿಕ್ಸಾಕ್ಷಿ' ಎಂದು ಹುದ್ದೆಗೆ ಹೆಸರು.

ಆ ವರ್ಷವೇ ಸೈರಣೆ ನಲವತ್ತು ಸುರಂಗಗಳಿಗೆ ಹೋಯಿತು. ಊರುಗಳ ಅಡಿಯಲ್ಲಿ ರೈಲು ಓಡುವ ಸುರಂಗಗಳಿಗೂ. ಜನ ಮೆಟ್ಟಿಲಿಳಿಯುವಾಗ ಹಲಗೆಯ ಕಡೆ ಕಣ್ಣು ಹಾಯಿಸಿ, ಇಂದಿಗೆ ಸಾಕಾಗುವಷ್ಟಿದೆ ಎಂದು ಕಂಡು, ಮತ್ತೆ ಕೈಯಲ್ಲಿನ ಫೋನು ನೋಡುತ್ತ ಒಳಗೆ ಹೋಗುತ್ತಿದ್ದರು. ಅಂಕಿಯನ್ನು ಯಾರು, ಯಾವ ಪೆಟ್ಟಿಗೆಯಿಂದ, ಯಾವ ಕಡೆಯಿಂದ ಓದಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದೇಕೆ, ಅಂಕಿಯ ಕೆಳಗೆ ದಿಕ್ಸಾಕ್ಷಿಯ ಸಹಿ ಇತ್ತಲ್ಲ.

ಕಪ್ಪರಗಟ್ಟಿಯ ಹುದ್ದೆಯ ಆದೇಶವನ್ನು ಇಂದುಮತಿ ಅಂಚೆಯಲ್ಲಿ ಕಳಿಸಲಿಲ್ಲ. ತಾನೇ ತಂದಳು.

ಮೌನೇಶಪ್ಪ ಹಳೆಯ ಶೆಡ್ಡಿನಲ್ಲಿದ್ದ. ಎಂಬತ್ತು ವರ್ಷದ ಕೋರ್ ಪೆಟ್ಟಿಗೆಗಳನ್ನು ಖಾಲಿ ಮಾಡಿಸುತ್ತಿದ್ದರು. ಯಂತ್ರಕ್ಕೆ ಹೊಸ ಕಲ್ಲು ಮಾತ್ರ ಬೇಕು, ಹಳೆಯದು ಕ್ರಶರಿಗೆ ಹೋಗಿ ರಸ್ತೆಯ ಜಲ್ಲಿಯಾಗಬೇಕು. ತಿಂಗಳ ಕೊನೆಗೆ ಅವನ ಕೆಲಸವೂ ಮುಗಿಯುತ್ತದೆ, ಗಣಿಯ ಕ್ವಾರ್ಟರ್ಸೂ ಬಿಡಬೇಕು. ಟ್ರಕ್ಕು ಹೊರಗೆ ಕಾಯುತ್ತಿತ್ತು. ಮೌನೇಶಪ್ಪ ಕುಕ್ಕರುಗಾಲಲ್ಲಿ ಕೂತು, ಜಲ್ಲಿಯಾಗಲಿರುವ ಪೆಟ್ಟಿಗೆಗಳ ಮೇಲೆ ಒಂದೊಂದಾಗಿ ಬಾಣ ಹಾಕುತ್ತಿದ್ದ. ಕೆಳಕ್ಕೆ. ಕೆಳಕ್ಕೆ. ಮೇಲಕ್ಕೆ. ಕೆಳಕ್ಕೆ.

"ಕನ್ನಡಕ ತಂದಿಲ್ರಿ. ನೀವ ಓದ್ರಿ," ಎಂದ.

ಅವಳು ಓದಿದಳು. ದಿಕ್ಸಾಕ್ಷಿ, ಕಾಯಂ ಹುದ್ದೆ. ಕ್ವಾರ್ಟರ್ಸ್ ಉಳಿಯುತ್ತದೆ. ಪ್ರತಿ ಅಂಕಿಯ ಕೆಳಗೆ ದಿಕ್ಸಾಕ್ಷಿಯ ಸಹಿ ಕಡ್ಡಾಯ.

"ಅಂದ್ರ ಪೆಟ್ಟಿಗಿ ಮ್ಯಾಲ ಬಾಣ ಹಾಕಬಹುದು."

"ಹಾಕಲೇಬೇಕು. ಯಾರೂ ತೊಳೆಯೋ ಹಾಗಿಲ್ಲ. ಪುಡಿ ಉದುರದ ಬಣ್ಣ ನಾನೇ ತರಿಸಿದೀನಿ."

"ಬಣ್ಣ," ಎಂದ ಮೌನೇಶಪ್ಪ. ಕೈಯಲ್ಲಿನ ಚಾಕ್‌ಪೀಸಿನ ತುಂಡು ನೋಡಿದ. "ಒಂದು ಕೇಳ್ತೀನ್ರಿ ಮೇಡಂ. ಅಂಕಿ ಎರಡು ತಾಸು ಅಂತೈತಿ. ಕೆಳಗಿಂದ ಹುಲಿಗೆಪ್ಪ ಗಟ್ಟಿ ಐತಿ ಬರ್ರಿ ಅಂತಾನ. ಆವಾಗ ನಾ ಏನ್ ಬರೀಬೇಕು?"

"ದಿಕ್ಕು ಸರಿಯಾಗಿದೆ ಅಂತ."

"ಬರ್ರಿ ಅಂತ ಬರಿಯಾಕ ಜಾಗ ಐತೇನ್ರಿ ಅದರಾಗ?"

ಅವಳು ಹಾಳೆಯನ್ನು ತಿರುಗಿಸಿ ನೋಡಿದಳು, ಗೊತ್ತಿದ್ದರೂ. "ಇಲ್ಲ."

"ಎಪ್ಪತ್ತೊಂದು ದಿನ ಅಂತ ಬರ್ತೈತಿ, ದಿಕ್ಕೂ ಬರೋಬ್ಬರಿ ಐತಿ. ಆದ್ರ ನಾ ಕಲ್ಲು ಬಡದು ನೋಡ್ತೀನಿ, ಡಬ್ ಅಂತೈತಿ. ಮಂದೀನ ಹೊರಗ ಕರಿಯಾಕ ಬರ್ತೈತೇನ್ರಿ?"

"ಅದು ಅಂಕಿ ನಿರ್ಧಾರ ಮಾಡುತ್ತೆ."

"ನನ್ನದು ಸಹಿ ಅಷ್ಟ."

"ಈಗ ಅಷ್ಟೇ," ಎಂದಳು ಇಂದುಮತಿ. "ಮೂರೂ ಅಂಕಿ ಹೊರಗೆ ತೋರಿಸಬೇಕು ಅಂತ ನಾನು ಬರೀತಾ ಇದೀನಿ. ಒಪ್ಪಿಸ್ತೀನಿ. ಹೊತ್ತು ಹಿಡಿಯುತ್ತೆ. ಅಲ್ಲಿವರೆಗೆ ಒಳಗೆ ಒಬ್ಬರಾದ್ರೂ ಕಲ್ಲು ಗೊತ್ತಿರೋರು ಇರಬೇಕು ಮೌನೇಶಪ್ಪ. ನೀವಿಲ್ಲ ಅಂದ್ರೆ ಮೇಲು ಕೆಳಗು ಗೊತ್ತಿಲ್ಲದ ಇನ್ಯಾರನ್ನೋ ಕೂರಿಸ್ತಾರೆ. ಅವರೂ ಸಹಿ ಹಾಕ್ತಾರೆ."

ಅವನು ಹೌದೆಂಬಂತೆ ತಲೆಯಾಡಿಸಿದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಹೊರಗೆ ಟ್ರಕ್ಕಿನವನು ಹಾರ್ನ್ ಹೊಡೆದ. ಮೌನೇಶಪ್ಪ ಮಂಡಿ ಹಿಡಿದು ಎದ್ದು, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಆದೇಶವನ್ನು ತೆಗೆದುಕೊಂಡ. ಇಂದುಮತಿ ಪೆನ್ನು ಚಾಚಿದಳು. ಅವನು ಹಾಳೆಯನ್ನು ಅದು ಬಂದಿದ್ದ ಮಡಿಕೆಗಳಲ್ಲೇ ಮಡಚಿ, ಪೆನ್ನಿನ ಜೊತೆಗಿಟ್ಟು, ಅವಳ ಕೈಗೇ ತಿರುಗಿ ಕೊಟ್ಟ.

"ಒಲ್ಲೆ," ಎಂದ.